ಸ್ವಂತ ಫೋನು, ಕಚೇರಿಯ ಮೇಲ್

ಪ್ರಶ್ನೆ: ನಮ್ಮಲ್ಲಿ 40 ಸಿಬ್ಬಂದಿ. ಕೆಲವರದು ಆಂಡ್ರಾಯ್ಡ್, ಕೆಲವರದು ಐಫೋನ್, ಎಲ್ಲವೂ ಸ್ವಂತದ್ದು. ಫೋನ್ ಕಳೆದರೆ ಕಚೇರಿಯ ಮೇಲ್ ಮಾತ್ರ ಅಳಿಸಬಹುದೇ?

ಉತ್ತರ: ಖಂಡಿತ. ಎರಡನ್ನೂ ನಿಭಾಯಿಸುವ ಒಂದೇ ಎಂಡಿಎಂ (ಫೋನುಗಳನ್ನು ದೂರದಿಂದಲೇ ನಿರ್ವಹಿಸುವ) ಸಾಫ್ಟ್‌ವೇರ್ ಕೊಳ್ಳಿ. ಆಂಡ್ರಾಯ್ಡ್‌ಗೆ ‘ವರ್ಕ್ ಪ್ರೊಫೈಲ್’, ಐಫೋನ್‌ಗೆ ‘ಯೂಸರ್ ಎನ್‌ರೋಲ್‌ಮೆಂಟ್’ ಆರಿಸಿ. ಎರಡನೆಯದಕ್ಕೆ ಪ್ರತಿಯೊಬ್ಬರಿಗೂ ಮ್ಯಾನೇಜ್ಡ್ ಆಪಲ್ ಖಾತೆ, ಅಂದರೆ ಕಚೇರಿಯೇ ಕೊಟ್ಟು ನಿರ್ವಹಿಸುವ ಖಾತೆ, ಬೇಕು. ಕಚೇರಿಯ ಮಾಹಿತಿ ಬೇರೆಯಾಗಿಯೇ ಇರುತ್ತದೆ, ಅಳಿಸಿದಾಗ ಅದಷ್ಟೇ ಹೋಗುತ್ತದೆ. ಮನೆಯವರ ಫೋಟೊ, ಮೆಸೇಜು ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಸಿಬ್ಬಂದಿಗೆ ಮೊದಲೇ ಬಿಡಿಸಿ ಹೇಳಿ, ಕಚೇರಿಯವರು ನೋಡುತ್ತಾರೆಂಬ ಭಯಕ್ಕೇ ಹಲವರು ನೋಂದಣಿಗೆ ಹಿಂಜರಿಯುತ್ತಾರೆ. 6 ಅಂಕಿಯ ಪಾಸ್‌ಕೋಡ್ ಕಡ್ಡಾಯ ಮಾಡಿ.

ಎಡವುವುದು ಐಫೋನ್ ಕಡೆ. ಎಂಡಿಎಂ ಐಫೋನ್‌ಗಳನ್ನು ಸಂಪರ್ಕಿಸಲು ಬೇಕಾದ ಆಪಲ್‌ನ ಪುಶ್ ಸರ್ಟಿಫಿಕೇಟ್ 1 ವರ್ಷಕ್ಕೆ ಮುಗಿಯುತ್ತದೆ. ಅದನ್ನು ಪಡೆದ ಖಾತೆಯಿಂದಲೇ ನವೀಕರಿಸಬೇಕು. ಬೇರೆ ಖಾತೆಯಿಂದ ಹೊಸದು ತಂದರೆ ಪ್ರತಿ ಐಫೋನನ್ನೂ ಮತ್ತೆ ನೋಂದಾಯಿಸಬೇಕಾಗುತ್ತದೆ. ಆ ಖಾತೆ ಕಚೇರಿಯ ಹೆಸರಲ್ಲೇ ಇರಲಿ, ನಾಳೆ ಕೆಲಸ ಬಿಡಬಹುದಾದ ಒಬ್ಬರ ಹೆಸರಲ್ಲಿ ಬೇಡ.