ಬಳಪದ ಕಲ್ಲು ಸಿಗದ ಊರಿನ ಗುಡಿಗಳು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಬಂಗಾಳದ ಬಿಷ್ಣುಪುರದ ಗುಡಿಗಳ ಫೋಟೋಗಳಿಗೆ ಆರು ಪುಟ ಕೊಟ್ಟಿದ್ದೀರಿ. ಇಟ್ಟಿಗೆ ಗುಡಿಗೆ ಇಷ್ಟೊಂದು ಜಾಗ ಯಾಕೆ? ಹಳೇಬೀಡಿನ ಮುಂದೆ ಇವು ಮಕ್ಕಳು ಮಾಡಿದ ಬೊಂಬೆಗಳ ಹಾಗೆ ಕಾಣುತ್ತವೆ. ಸಾಲದ್ದಕ್ಕೆ ಅರ್ಧ ಫೋಟೋ ಕಪ್ಪು. ಮುದ್ರಣದ ತಪ್ಪೇ?
– ನಿವೃತ್ತ ಶಿಕ್ಷಕರು, ಹಾಸನ

ಸಂಪಾದಕರ ಉತ್ತರ: ಮೇಷ್ಟ್ರೇ, ಹಾಸನದವರು ಈ ಪ್ರಶ್ನೆ ಕೇಳದಿದ್ದರೆ ಇನ್ಯಾರು ಕೇಳಬೇಕು!

ಮೊದಲು ಕಪ್ಪಿನ ವಿಚಾರ. ಅದು ಮುದ್ರಣದ ತಪ್ಪಲ್ಲ, ನೆರಳು. ಬಿಷ್ಣುಪುರದ ಗೋಡೆಗಳ ಸುಟ್ಟ ಮಣ್ಣಿನ ಚಿತ್ರಫಲಕಗಳಲ್ಲಿ ಉಬ್ಬು ತೀರಾ ಕಡಿಮೆ. ನಡುಮಧ್ಯಾಹ್ನ ನಿಂತು ನೋಡಿದರೆ ಕೆಂಪು ಗೋಡೆ ಬಿಟ್ಟು ಜಾಸ್ತಿ ಏನೂ ಕಾಣುವುದಿಲ್ಲ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವಾಗಷ್ಟೇ ಕೃಷ್ಣನ ಕೊಳಲು, ದೋಣಿಯ ಹುಟ್ಟು, ಶರಶಯ್ಯೆಯ ಮೇಲಿನ ಭೀಷ್ಮ ಎದ್ದು ಬರುತ್ತಾರೆ. ಅದಕ್ಕೇ ನಮ್ಮ ಛಾಯಾಗ್ರಾಹಕರು ಬೆಳಗಾಗುವ ಮೊದಲೇ ಹೋಗಿ ಕಾದಿದ್ದು.

ಇನ್ನು ಬೊಂಬೆ. ಹೊಯ್ಸಳರ ಶಿಲ್ಪಿಗೆ ಬಳಪದ ಕಲ್ಲು ಸಿಕ್ಕಿತು. ಗಣಿಯಿಂದ ತೆಗೆದಾಗ ಮೆದು, ಆಮೇಲೆ ಗಟ್ಟಿ. ಬಿಷ್ಣುಪುರವಿರುವ ಬಾಂಕುಡಾ ಜಿಲ್ಲೆಯ ಮಲ್ಲ ಅರಸರಿಗೆ ಸಿಕ್ಕಿದ್ದು ಮಣ್ಣು ಮತ್ತು ಜಂಬಿಟ್ಟಿಗೆ. ತೂತು ತೂತಾದ ಜಂಬಿಟ್ಟಿಗೆಯಲ್ಲಿ ಕಣ್ಣು ಮೂಗು ಬಿಡಿಸಿ ನೋಡಿ, ಗೊತ್ತಾಗುತ್ತದೆ! ಹಾಗಾಗಿ ಹಸಿ ಮಣ್ಣಿನ ಬಿಲ್ಲೆಯಲ್ಲಿ ಚಿತ್ರ ಮೂಡಿಸಿ, ಒಣಗಿಸಿ, ಸುಟ್ಟು, ಗೋಡೆಗೆ ಕೂರಿಸಿದರು. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುತ್ತದೆ. ಆ ಲೆಕ್ಕ ಮೊದಲೇ ಕೈಯಲ್ಲಿರಬೇಕು. ರಘುನಾಥ ಸಿಂಗ್ 1643ರಲ್ಲಿ ಕಟ್ಟಿಸಿದ ಶ್ಯಾಮರಾಯ ಗುಡಿಯಲ್ಲಿ ರಾಸಲೀಲೆಯ ಒಂದು ಚಕ್ರವಿದೆ. ಸುತ್ತಿನೊಳಗೆ ಸುತ್ತು, ಸುತ್ತಿನ ತುಂಬ ಕೈ ಕೈ ಹಿಡಿದ ಗೋಪಿಯರು. ಇದು ಮಕ್ಕಳಾಟ ಅಂತ ನನಗಂತೂ ಅನ್ನಿಸಲಿಲ್ಲ.

ಅದೇ ಅರಸ 1655ರಲ್ಲಿ ಕಟ್ಟಿಸಿದ್ದು ಜೋಡ್ ಬಾಂಗ್ಲಾ. ಎರಡು ಗುಡಿಸಲು ಅಂಟಿಕೊಂಡು ನಿಂತ ಹಾಗಿದೆ. ಜೋರು ಮಳೆಯ ನಾಡು. ನೀರು ಜಾರಲಿ ಅಂತ ಬಿದಿರು ಬಗ್ಗಿಸಿ ಹೊದಿಸಿದ ಗುಡಿಸಲಿನ ಸೂರನ್ನೇ ಇಟ್ಟಿಗೆಯಲ್ಲಿ ಕಟ್ಟಿಬಿಟ್ಟಿದ್ದಾರೆ. ಈ 'ಬಾಂಗ್ಲಾ' ನಮಗೇನೂ ಹೊಸದಲ್ಲ. ಬಂಗಾಳದ ಆ ಗುಡಿಸಲಿನ ಹೆಸರೇ ಇಂಗ್ಲಿಷರ ಬಾಯಲ್ಲಿ ತಿರುಗಿ ನಮ್ಮ ಬಂಗಲೆ ಆಯಿತು. ಗುಡಿಸಲು ಹೋಗಿ ಸಾಹುಕಾರರ ಮನೆ! ತಮಾಷೆ ಅಲ್ವಾ?

ಒಂದು ತಪ್ಪು ಮಾತ್ರ ನಮ್ಮದೇ. ನೀವು ಗಮನಿಸಲಿಲ್ಲ, ನಾನೇ ಹೇಳಿಬಿಡುತ್ತೇನೆ. ಎರಡನೇ ಪುಟದಲ್ಲಿ ರಾಸಮಂಚವನ್ನು 'ದೇವಸ್ಥಾನ' ಎಂದು ಅಚ್ಚು ಹಾಕಿದ್ದೆವು. ಅದನ್ನು ಮಲ್ಲ ಅರಸ ಬೀರ ಹಂಬೀರ 1600ರ ಸುಮಾರಿಗೆ ಕಟ್ಟಿಸಿದ. ಅಲ್ಲಿ ನೆಲೆನಿಂತ ದೇವರಿಲ್ಲ. ರಾಸ ಹಬ್ಬಕ್ಕೆ ಊರಿನ ಗುಡಿಗಳ ಮೂರ್ತಿಗಳನ್ನೆಲ್ಲ ತಂದು ಕೂರಿಸುತ್ತಿದ್ದ ಮಂಟಪ ಅದು.

ಹಳೇಬೀಡಿನ ಜೊತೆ ಹೋಲಿಸಿದಿರಲ್ಲ, 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಒಂದೇ ಸಭೆಯಲ್ಲಿ ನಮ್ಮ ಹೊಯ್ಸಳ ಗುಡಿಗಳನ್ನೂ ಬಂಗಾಳದ ಶಾಂತಿನಿಕೇತನವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಷ್ಣುಪುರದ ಹೆಸರು 1998ರಿಂದ ಸಂಭಾವ್ಯ ಪಟ್ಟಿಯಲ್ಲೇ, ಅಂದರೆ ಮುಂದೆ ಸೇರಬಹುದಾದ ತಾಣಗಳ ಪಟ್ಟಿಯಲ್ಲೇ ಕೂತಿದೆ.

ನಿಮ್ಮಿಂದ ಒಂದು ಕೆಲಸ ಆಗಬೇಕು ಮೇಷ್ಟ್ರೇ. ಹಳೇಬೀಡು ನಿಮಗೆ ಹತ್ತಿರ. ಗೋಡೆಯ ಒಂದೇ ಶಿಲ್ಪವನ್ನು ಮಧ್ಯಾಹ್ನ ಒಮ್ಮೆ, ಬಿಸಿಲು ಓರೆಯಾದ ಮೇಲೆ ಇನ್ನೊಮ್ಮೆ ಫೋಟೋ ತೆಗೆದು ಕಳಿಸಿ. ಮೊಬೈಲಿನದ್ದಾದರೂ ಸರಿ, ಎರಡನ್ನೂ ಅಕ್ಕಪಕ್ಕ ಹಾಕುತ್ತೇವೆ.