ಕಾಸ್ಟ್ ಕಡಿಮೆಯಿರುವ ಫೈಬರ್ ಬಿಟ್ಟು ರೂಟರ್ ರೇಡಿಯೋ ಲಿಂಕನ್ನೇ ಹಿಡಿಯುವುದೇಕೆ?

ಯಾದಗಿರಿಯ ಶಾಖೆಯಿಂದ ಕಲಬುರಗಿಯ ಮುಖ್ಯ ಕಚೇರಿಗೆ 100 ಎಂಬಿಪಿಎಸ್ ಫೈಬರ್ ಹಾಗೂ 10 ಎಂಬಿಪಿಎಸ್ ರೇಡಿಯೋ ಎರಡೂ ಇವೆ, ಫೈಬರ್ ಸರಿಯಾಗಿಯೇ ಇದ್ದರೂ 10.20.5.40 ವಿಳಾಸದ ಸರ್ವರ್‌ಗೆ ಹೋಗುವ ಟ್ರಾಫಿಕ್ ಮಾತ್ರ ರೇಡಿಯೋ ಮೇಲೆ ಹೋಗುತ್ತಿದೆ ಎಂದು ಕೇಳಿದ್ದೀರಿ. ನೀವು ಕೊಟ್ಟಿರುವ ರೂಟಿಂಗ್ ಟೇಬಲ್‌ನಲ್ಲಿಯೇ, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂದು ರೂಟರ್ ಇಟ್ಟುಕೊಳ್ಳುವ ಪಟ್ಟಿಯಲ್ಲಿಯೇ, ಕಾರಣವಿದೆ. ಫೈಬರ್ ಕಡೆಗೆ 10.20.0.0/16 ಎಂಬ ಓಎಸ್‌ಪಿಎಫ್ (ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ತಿಳಿಸಿಕೊಳ್ಳುವ ವಿಧಾನ) ಸಾಲು, ಅದರ ಮುಂದೆ [110/2]. ರೇಡಿಯೋ ಕಡೆಗೆ 10.20.5.0/24 ಎಂಬ ಸ್ಟ್ಯಾಟಿಕ್ (ಕೈಯಿಂದ ಬರೆದ) ಸಾಲು, ಅದರ ಮುಂದೆ [1/0]. ವಿಳಾಸದ ಕೊನೆಯ /16, /24 ಎಂದರೆ ಮೊದಲ ಅಷ್ಟು ಬಿಟ್‌ಗಳು ಹೊಂದಬೇಕೆಂದು; ಆವರಣದ ಎರಡನೆಯ ಅಂಕಿ ಕಾಸ್ಟ್, ಅಂದರೆ ಆ ದಾರಿಯ ವೆಚ್ಚದ ಅಂಕ.

ಈ ಎರಡು ಸಾಲುಗಳ ನಡುವೆ ರೂಟರ್ ಕಾಸ್ಟ್ ಹೋಲಿಸುವುದೇ ಇಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಇವು ಒಂದೇ ಗುರಿಯ ಎರಡು ದಾರಿಗಳಲ್ಲ, ಎರಡು ಬೇರೆ ಬೇರೆ ಗುರಿಗಳು. ಪ್ಯಾಕೆಟ್ (ಡೇಟಾದ ತುಣುಕು) ಬಂದಾಗ ಅದರ ವಿಳಾಸಕ್ಕೆ ಅತಿ ಹೆಚ್ಚು ಬಿಟ್‌ಗಳವರೆಗೆ ಹೊಂದುವ ಸಾಲನ್ನು ರೂಟರ್ ಆರಿಸುತ್ತದೆ. 16 ಬಿಟ್ ಹೊಂದುವ ಸಾಲಿಗಿಂತ 24 ಬಿಟ್ ಹೊಂದುವ ಸಾಲು ಯಾವಾಗಲೂ ಮೇಲು, ಅದರ ಲಿಂಕ್ ಎಷ್ಟೇ ನಿಧಾನವಾಗಿರಲಿ. ಯಾವುದೇ ವಿಳಾಸಕ್ಕೂ ಒಂದು ಬಿಟ್ಟೂ ನೋಡದೆ ಹೊಂದುವ ಡಿಫಾಲ್ಟ್ ರೂಟ್ (0.0.0.0/0) ಕೊನೆಯ ಆಸರೆಯಾಗುವುದೂ ಇದೇ ಕಾರಣಕ್ಕೆ.

ಇನ್ನು ಫೈಬರ್ ಕಡೆಯಿಂದಲೂ 10.20.5.0/24 ಬರುವಂತೆ ಮಾಡಿದರೆ ಸಾಕೇ? ಸಾಲದು. ಒಂದೇ ಪ್ರಿಫಿಕ್ಸ್ (10.20.5.0/24ರಂಥ ವಿಳಾಸಗಳ ಗುಂಪು) ಎರಡು ಮೂಲಗಳಿಂದ ಬಂದಾಗ, ಯಾವ ಮೂಲವನ್ನು ಹೆಚ್ಚು ನಂಬಬೇಕೆಂಬುದನ್ನು ಆವರಣದ ಮೊದಲ ಅಂಕಿ ತೀರ್ಮಾನಿಸುತ್ತದೆ. ಸಿಸ್ಕೋ ರೂಟರ್‌ಗಳಲ್ಲಿ ಸ್ಟ್ಯಾಟಿಕ್‌ಗೆ 1, ಓಎಸ್‌ಪಿಎಫ್‌ಗೆ 110, ರಿಪ್ ಎಂಬ ಇನ್ನೊಂದು ವಿಧಾನಕ್ಕೆ 120. ಚಿಕ್ಕ ಅಂಕಿಯೇ ಗೆಲ್ಲುವುದರಿಂದ ನಿಮ್ಮ ಸ್ಟ್ಯಾಟಿಕ್ ಸಾಲು ಮತ್ತೆ ಗೆಲ್ಲುತ್ತದೆ. ಆದ್ದರಿಂದ ಫೈಬರ್ ಕಡೆಯಿಂದ 10.20.5.0/24 ಬರುವಂತೆ ಮಾಡುವುದರ ಜೊತೆಗೆ, ಸ್ಟ್ಯಾಟಿಕ್ ಸಾಲಿನ ಈ ಅಂಕಿಯನ್ನು 200 ಎಂದು ಕೊಡಿ. ಆಗ ಓಎಸ್‌ಪಿಎಫ್ ಸಾಲು ಇರುವವರೆಗೆ ಅದು ಟೇಬಲ್‌ನಿಂದ ಹೊರಗಿದ್ದು, ಫೈಬರ್ ಕಡಿದು ಆ ಸಾಲು ಹೋದಾಗ ಮಾತ್ರ ಒಳಗೆ ಬರುತ್ತದೆ. ನಿಮ್ಮ ಅಗತ್ಯಕ್ಕೆ ಇಷ್ಟೇ ಸರಿಯಾದ ವ್ಯವಸ್ಥೆ ಎಂಬುದು ನನ್ನ ಅಭಿಪ್ರಾಯ.

ಅದರ ಬದಲು ರೇಡಿಯೋ ಮೇಲೂ ಓಎಸ್‌ಪಿಎಫ್ ನಡೆಸುವುದಾದರೆ, ಆಗ ಕಾಸ್ಟ್ ಲೆಕ್ಕಕ್ಕೆ ಬರುತ್ತದೆ. ಆದರೆ ಅಲ್ಲೊಂದು ಎಚ್ಚರಿಕೆ ಬೇಕು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 100 ಎಂಬಿಪಿಎಸ್ ಅನ್ನು ಪೋರ್ಟ್‌ನ ವೇಗದಿಂದ ಭಾಗಿಸಿ ಕಾಸ್ಟ್ ತೆಗೆಯಲಾಗುತ್ತದೆ, ಮತ್ತು ಅದು 1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಗೋಪುರದ ಮೇಲಿನ ರೇಡಿಯೋ 10 ಎಂಬಿಪಿಎಸ್ ಮಾತ್ರ ಸಾಗಿಸಿದರೂ, ಅದರ ಕೇಬಲ್ ರೂಟರ್‌ನ 100 ಎಂಬಿಪಿಎಸ್ ಪೋರ್ಟ್‌ಗೆ ಬಂದಿದ್ದರೆ ರೂಟರ್‌ಗೆ ಕಾಣುವುದು ಪೋರ್ಟ್ ಮಾತ್ರ. ಗಿಗಾಬಿಟ್ ಪೋರ್ಟ್‌ನ ಫೈಬರ್‌ಗೂ 1, ರೇಡಿಯೋಗೂ 1. ಕಾಸ್ಟ್ ಸಮವಾದಾಗ ರೂಟರ್ ಎರಡನ್ನೂ ಬಳಸುತ್ತದೆ, ಅದೂ ಸಾಮಾನ್ಯವಾಗಿ ಪ್ಯಾಕೆಟ್‌ಗೊಂದರಂತೆ ಅಲ್ಲ, ಕಳಿಸುವ ಮತ್ತು ಪಡೆಯುವ ಎರಡೂ ವಿಳಾಸಗಳನ್ನು ನೋಡಿ ಹಂಚುತ್ತದೆ. ಹೀಗಾಗಿ ಕೆಲವು ಕಂಪ್ಯೂಟರ್‌ಗಳು ಸದಾ ಚುರುಕಾಗಿಯೂ ಕೆಲವು ಸದಾ ನಿಧಾನವಾಗಿಯೂ ಇರುತ್ತವೆ, ದೂರುಗಳಿಗೆ ತಲೆಬುಡ ಸಿಗುವುದಿಲ್ಲ. ರೇಡಿಯೋ ಪೋರ್ಟ್‌ಗೆ ಕಾಸ್ಟ್ 10 ಎಂದು ಕೈಯಿಂದಲೇ ಬರೆಯಿರಿ.

ಬದಲಾವಣೆಯ ನಂತರ ಇಡೀ ಟೇಬಲ್ ಹುಡುಕದೆ, ಶೋ ಐಪಿ ರೂಟ್ ಆಜ್ಞೆಗೆ 10.20.5.40 ಎಂಬ ಪೂರ್ಣ ವಿಳಾಸವನ್ನೇ ಕೊಟ್ಟು ಯಾವ ಸಾಲು ಹೊಂದಿತೆಂದು ನೋಡಿ. ಕಲಬುರಗಿಯ ರೂಟರ್‌ನಲ್ಲಿಯೂ ನಿಮ್ಮ ಯಾದಗಿರಿ ವಿಳಾಸ ಕೊಟ್ಟು ಇದನ್ನೇ ಮಾಡಿ; ಮರಳುವ ಪ್ಯಾಕೆಟ್‌ನ ದಾರಿಯನ್ನು ಆ ರೂಟರ್ ತನ್ನ ಟೇಬಲ್ ನೋಡಿಯೇ ಆರಿಸುತ್ತದೆ, ಅಲ್ಲಿಯೂ ರೇಡಿಯೋ ಕಡೆಗೆ ಸ್ಟ್ಯಾಟಿಕ್ ಸಾಲೊಂದು ಉಳಿದಿರುವ ಸಾಧ್ಯತೆಯಿದೆ.