ದೋಣಿಯ ಡೀಸೆಲ್ ಫಿಲ್ಟರ್ ಕಟ್ಟಿಕೊಳ್ತಿದೆ ಅಂತ ಎಂಜಿನ್ ನಿಲ್ಲೋ ಮುಂಚೆಯೇ ತಿಳಿಯೋದು ಹೇಗೆ?

ಗೊರೂರು ಹಿನ್ನೀರಿನಲ್ಲಿ ಇನ್‌ಬೋರ್ಡ್ ಡೀಸೆಲ್ ದೋಣಿ ಇದೆ, ಇಷ್ಟು ಗಂಟೆಗೊಮ್ಮೆ ಅಂತ ಕಣ್ಣುಮುಚ್ಚಿ ಫಿಲ್ಟರ್ ಬದಲಾಯಿಸೋ ಬದಲು ಅದರ ಸ್ಥಿತಿ ನೋಡ್ಕೊಂಡು ಬದಲಾಯಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ಅದಕ್ಕೆ ಬೇಕಾಗಿರೋದು ಒಂದು ವ್ಯಾಕ್ಯೂಮ್ ಗೇಜ್, ಅಂದ್ರೆ ಪೈಪಿನೊಳಗಿನ ಎಳೆತ ಎಷ್ಟಿದೆ ಅಂತ ಮುಳ್ಳಿನಲ್ಲಿ ತೋರಿಸೋ ಮೀಟರ್. ನಾನು ಮೂಡಿಗೆರೆ ಕಡೆ ಕಾಫಿ ತೋಟಗಳ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡೋನು, ಹಿನ್ನೀರಿನ ದೋಣಿ ಎಂಜಿನ್ನುಗಳೂ ಆಗಾಗ ಕೈಗೆ ಬರ್ತವೆ. ಫಿಲ್ಟರ್ ವಿಷಯದಲ್ಲಿ ಎರಡೂ ಒಂದೇ. ಸ್ಪ್ರಿಂಕ್ಲರ್ ಪಂಪ್ ನಿಂತರೆ ಸಾಹುಕಾರರ ಹತ್ರ ಬೈಸಿಕೊಂಡರಾಯ್ತು, ಗಾಳಿ ಎದ್ದಾಗ ದೋಣಿ ನಡುನೀರಲ್ಲಿ ನಿಂತರೆ ಮಾತ್ರ ಕಷ್ಟ.

ಟ್ಯಾಂಕ್ ಕಡೆಯಿಂದ ಮೊದಲು ಸಿಗೋ ಫಿಲ್ಟರ್, ಅಂದ್ರೆ ಕೆಳಗೆ ನೀರು ಕೂರೋ ಬಟ್ಟಲಿರೋದು, ಮತ್ತು ಫೀಡ್ ಪಂಪ್ ನಡುವೆ ಪೈಪಿಗೆ ಒಂದು ಟಿ (ಮೂರು ಬಾಯಿಯ ಜೋಡಣೆ) ಹಾಕಿ ಗೇಜ್ ಕೂರಿಸಿ. ಆ ಜಾಗದಲ್ಲಿ ಪಂಪ್ ಡೀಸೆಲನ್ನ ಎಳೀತಿರುತ್ತೆ. ಫಿಲ್ಟರ್ ಕಟ್ಟಿದಷ್ಟೂ ಎಳೆತ ಜೋರಾಗಿ ಮುಳ್ಳು ಏರುತ್ತೆ. ಎಂಜಿನ್ ಮೇಲಿರೋ ಎರಡನೇ ಫಿಲ್ಟರ್ ಪಂಪಿನಿಂದ ಆಚೆ, ಪ್ರೆಶರ್ ಕಡೆ ಇರೋದು. ಅದರ ಸುದ್ದಿ ಈ ಗೇಜ್‌ಗೆ ಗೊತ್ತಾಗಲ್ಲ.

ಹೊಸ ಫಿಲ್ಟರ್ ಹಾಕಿದ ದಿನವೇ ದೋಣಿಯನ್ನ ನೀರಿಗಿಳಿಸಿ, ಫುಲ್ ಥ್ರಾಟಲ್ ಕೊಟ್ಟು, ಮುಳ್ಳು ಎಲ್ಲಿ ನಿಂತಿದೆ ಅಂತ ಫಿಲ್ಟರ್ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ. ಈ ಅಂಕಿ ಇಲ್ಲದಿದ್ದರೆ ಗೇಜ್ ಇದ್ದೂ ಇಲ್ಲದ ಹಾಗೆ. ಟ್ಯಾಂಕ್ ಫಿಲ್ಟರಿಗಿಂತ ಕೆಳಗಿದ್ದರೆ ಪ್ರತಿ ಅಡಿ ಎತ್ತರಕ್ಕೆ ಸುಮಾರು ಮುಕ್ಕಾಲು ಇಂಚು ಪಾದರಸದಷ್ಟು (ಗೇಜ್‌ನಲ್ಲಿ ಎಳೆತ ಅಳೆಯೋ ಮಾನ) ಎಳೆತ ಹಾಗೇ ಬರುತ್ತೆ. ಅದಕ್ಕೇ ಒಬ್ಬರ ದೋಣಿಯ ರೀಡಿಂಗ್ ಇನ್ನೊಬ್ಬರದಕ್ಕೆ ಹೊಂದಲ್ಲ. ಎಂಜಿನ್ ಪುಸ್ತಕದಲ್ಲಿ ಮಿತಿ ಕೊಟ್ಟಿದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಮೊದಲ ಅಂಕಿಗಿಂತ 4–5 ಇಂಚು ಏರಿದಾಗ ನಾನು ಬಿಚ್ಚಿಬಿಡ್ತೀನಿ.

ಐಡಲ್‌ನಲ್ಲಿ ನೋಡಿ ‘ಎಲ್ಲ ಸರಿ ಇದೆ’ ಅನ್ನೋರೇ ಜಾಸ್ತಿ. ಆಗ ಹರಿಯೋ ಡೀಸೆಲ್ಲೇ ಕಡಿಮೆ, ಅರ್ಧ ಕಟ್ಟಿದ ಫಿಲ್ಟರೂ ಒಳ್ಳೆಯದರ ಥರ ಕಾಣುತ್ತೆ. ಓಡಿಸ್ತಾ ಗೇಜ್ ನೋಡೋಕೆ ಆಗಲ್ಲ ಅಂದ್ರೆ, ಏರಿದ ಜಾಗದಲ್ಲೇ ನಿಲ್ಲೋ ಎರಡನೇ ಮುಳ್ಳಿರೋ ಗೇಜ್ ಸಿಗುತ್ತೆ. ದಡಕ್ಕೆ ಬಂದ್ಮೇಲೆ ನೋಡಿದರೂ ಆಯ್ತು.

ಫಿಲ್ಟರ್ ಹೊಸದು, ಆದರೂ ಮುಳ್ಳು ಇಳೀಲಿಲ್ವಾ? ಹಾಗಾದ್ರೆ ಅಡ್ಡಿ ಇರೋದು ಅದಕ್ಕೂ ಹಿಂದೆ. ಎಂಜಿನ್ ಓಡ್ತಿರುವಾಗಲೇ ಟ್ಯಾಂಕ್ ಮುಚ್ಚಳ ಸಡಿಲ ಮಾಡಿ. ಮುಳ್ಳು ತಟ್ಟನೆ ಇಳಿದರೆ ಟ್ಯಾಂಕಿನ ಗಾಳಿ ಪೈಪ್ ಮುಚ್ಚಿದೆ ಅಂತ ಅರ್ಥ. ನಮ್ಮ ಕಡೆ ಬೇಸಿಗೆಯಲ್ಲಿ ನಿಲ್ಲಿಸಿಟ್ಟ ಎಂಜಿನ್ನುಗಳಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತೆ, ಒಂದು ತಂತಿ ತೂರಿಸಿದರೆ ಕೆಲಸ ಮುಗೀತು. ಇಳಿಯದಿದ್ದರೆ ಟ್ಯಾಂಕೊಳಗಿನ ಪೈಪಿನ ಬಾಯಿ, ವಾಲ್ವ್, ಒಳಗೇ ಪದರ ಬಿಟ್ಟ ಹೋಸ್ ಇವನ್ನ ನೋಡಿ. ಮುಳ್ಳು ಬರೆದಿಟ್ಟ ಅಂಕಿಗಿಂತಲೂ ಕೆಳಗಿದ್ದು, ಎಂಜಿನ್ ಏರಿಳಿತ ಮಾಡ್ತಿದ್ದರೆ ಎಲ್ಲೋ ಏರ್ ಎಳೀತಿದೆ. ಹೊರಗೆ ಡೀಸೆಲ್ ಸೋರಿದ ಗುರುತೇ ಇರಲ್ಲ, ಯಾಕಂದ್ರೆ ಗಾಳಿ ಒಳಗೆ ಹೋಗ್ತಿರುತ್ತೆ. ಸಾಮಾನ್ಯವಾಗಿ ಬಟ್ಟಲಿನ ಗ್ಯಾಸ್ಕೆಟ್ಟೇ ಕಳ್ಳ.

ಇನ್ನು ನೀರು. ಅದು ಬಟ್ಟಲಲ್ಲಿ ಕೂತಿರೋವರೆಗೂ ಗೇಜ್ ಏನೂ ಹೇಳಲ್ಲ, ಕಣ್ಣಲ್ಲೇ ನೋಡಬೇಕು. ಮಳೆಗಾಲದಲ್ಲಿ ಬಂಕಿನಿಂದ ಕ್ಯಾನಲ್ಲಿ ಡೀಸೆಲ್ ತಂದು, ಮುಚ್ಚಳ ಸರಿಯಾಗಿ ಹಾಕದೆ ಹೊರಗಿಟ್ಟು, ಆಮೇಲೆ ಟ್ಯಾಂಕಿಗೆ ಸುರಿಯೋದು ನಮ್ಮಲ್ಲಿ ಮಾಮೂಲು. ಹೊರಡೋ ಮುಂಚೆ ಬಟ್ಟಲಿನ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಒಂದಿಷ್ಟು ಬಿಡಿ: ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತೆ. ಕಪ್ಪಗೆ ಲೋಳೆ ಬಂದರೆ ನೀರು ತುಂಬಾ ದಿನದಿಂದ ಇದೆ, ಅದರಲ್ಲಿ ಸೂಕ್ಷ್ಮಜೀವಿ ಬೆಳೆದಿದೆ. ಆಗ ಟ್ಯಾಂಕನ್ನೇ ತೊಳೀಬೇಕು, ಎಷ್ಟು ಫಿಲ್ಟರ್ ಬದಲಾಯಿಸಿದರೂ ವಾರದಲ್ಲಿ ಮತ್ತೆ ಕಟ್ಟುತ್ತೆ.

ಅಂಗಡಿಯವರು ‘ಸೂಪರ್ ಕ್ಲೀನ್’ ಅಂತ 2 ಮೈಕ್ರಾನ್‌ನದು, ಅಂದ್ರೆ ತೀರಾ ಸಣ್ಣ ಕಣವನ್ನೂ ಹಿಡಿಯೋದು, ಕೊಡೋಕೆ ನೋಡಬಹುದು. ಮೊದಲ ಫಿಲ್ಟರಿಗೆ ಅದು ಬೇಡ, ಬೇಗ ಕಟ್ಟುತ್ತೆ. 10 ಅಥವಾ 30 ಮೈಕ್ರಾನ್ ಹಾಕಿ, ನುಣುಪು ಸೋಸೋ ಕೆಲಸ ಎಂಜಿನ್ ಮೇಲಿನ ಫಿಲ್ಟರ್ ಮಾಡ್ಕೊಳ್ಳುತ್ತೆ.